ಅರಸರು ಇರುವ ಮನೆಗೆ ಟಿಕೆಟ್: ಲಂಡನ್, ಜೈಪುರ, ಜೋಧಪುರ, ಮುಖ್ಯವಾಗಿ ಮೈಸೂರು

ರಾಜಮನೆತನ ಈಗಲೂ ವಾಸವಿರುವ ಅರಮನೆಗೆ ಟಿಕೆಟ್ ತೆಗೆದುಕೊಳ್ಳುವ ಮೊದಲು ತಿಳಿದುಕೊಳ್ಳಬೇಕಾದ್ದು ಒಂದೇ: ಮನೆಯವರಿಗೂ ನೋಡಲು ಬಂದವರಿಗೂ ನಡುವಿನ ಗೆರೆಯನ್ನು ಎಲ್ಲಿ ಎಳೆದಿದ್ದಾರೆ? ಎಳೆಯುವ ಬಗೆ ಮೂರು. ಮನೆಯವರು ಊರಲ್ಲಿಲ್ಲದ ತಿಂಗಳುಗಳಲ್ಲಿ ಮಾತ್ರ ಬಾಗಿಲು ತೆರೆಯುವುದು ಒಂದು. ಕೆಳಗಿನ ಅಂತಸ್ತು ಜನರಿಗೆ, ಮೇಲಿನದು ಮನೆಯವರಿಗೆ ಅನ್ನುವುದು ಇನ್ನೊಂದು. ಕಟ್ಟಡದ ಒಂದು ಪಾರ್ಶ್ವವನ್ನೇ ಬೇರೆ ಮಾಡಿಬಿಡುವುದು ಮತ್ತೊಂದು. ಬಕಿಂಗ್‌ಹ್ಯಾಮ್ ಮೊದಲನೆಯ ಬಗೆ, ಜೈಪುರದ ಸಿಟಿ ಪ್ಯಾಲೇಸ್ ಎರಡನೆಯದು, ಜೋಧಪುರದ ಉಮೈದ್ ಭವನ ಮೂರನೆಯದು. ಮೈಸೂರಿನ ಅಂಬಾವಿಲಾಸ ಅರಮನೆಯೂ ಮೂರನೆಯ ಬಗೆಯದೇ, ಆದರೆ ನವರಾತ್ರಿ ಬಂದಾಗ ಅಲ್ಲಿಯ ಗೆರೆ ಜಾಗ ಬದಲಿಸುತ್ತದೆ. ಮೈಸೂರಿನ ಸೊಗಸೂ ತೊಡಕೂ ಎರಡೂ ಅಲ್ಲೇ ಇವೆ.

ಅರಸರನ್ನೋ ರಾಣಿಯವರನ್ನೋ ಕಾಣಬಹುದು ಎಂಬ ಆಸೆಯಿದ್ದರೆ ಅದನ್ನು ಚಪ್ಪಲಿ ಸ್ಟ್ಯಾಂಡಿನಲ್ಲೇ ಬಿಟ್ಟು ಒಳಗೆ ಹೋಗಿ. ನಾಲ್ಕೂ ಕಡೆ ಹಾಗೆಯೇ.

ಮೊದಲು ಲಂಡನ್. 1992ರ ನವೆಂಬರ್ 20ರಂದು ವಿಂಡ್ಸರ್ ಕೋಟೆಗೆ ಬೆಂಕಿ ಬಿತ್ತು. ದುರಸ್ತಿಯ ಖರ್ಚನ್ನು ತೆರಿಗೆ ಹಣದಿಂದ ಭರಿಸುವುದಕ್ಕೆ ಜನ ಸಿಟ್ಟಾದರು. ದುಡ್ಡು ಹೊಂದಿಸಲು 1993ರ ಬೇಸಿಗೆಯಲ್ಲಿ ಬಕಿಂಗ್‌ಹ್ಯಾಮ್ ಅರಮನೆಯ ಬಾಗಿಲು ತೆರೆಯಿತು. ಆಗ ಟಿಕೆಟ್ 8 ಪೌಂಡ್. ಕೆಲವು ವರ್ಷದ ಮಟ್ಟಿಗೆ ಎಂದು ಶುರುವಾದದ್ದು ಇಂದಿಗೂ ನಿಂತಿಲ್ಲ. ಅರಮನೆಯಲ್ಲಿರುವ 775 ಕೋಣೆಗಳಲ್ಲಿ ಜನ ನೋಡುವುದು 19 ಸ್ಟೇಟ್ ರೂಮುಗಳನ್ನು, ಅದೂ ಮುಖ್ಯವಾಗಿ ಅರಸರು ಸ್ಕಾಟ್ಲೆಂಡಿಗೆ ಹೋಗಿರುವ ಬೇಸಿಗೆಯ ವಾರಗಳಲ್ಲಿ. ಮೂರನೆಯ ಚಾರ್ಲ್ಸ್ ಲಂಡನ್ನಿನಲ್ಲಿ ಉಳಿಯುವುದು ಕ್ಲಾರೆನ್ಸ್ ಹೌಸಿನಲ್ಲಿ. ಆದ್ದರಿಂದ ಇದು ಮನೆಗಿಂತ ಹೆಚ್ಚಾಗಿ ಕಚೇರಿ ಮತ್ತು ಔತಣದ ಜಾಗ. ಮೇಲೆ ಹಾರುವುದು ರಾಜಧ್ವಜವಾದರೆ ಅರಸರು ಒಳಗಿದ್ದಾರೆ, ದೇಶದ ಯೂನಿಯನ್ ಧ್ವಜವಾದರೆ ಇಲ್ಲ.

ಸೇವೆಯಲ್ಲಿ ಹೆಸರಿಡುವಂಥದ್ದು ಕಡಿಮೆ. ಟಿಕೆಟ್ ಮೇಲೆ ಪ್ರವೇಶದ ಸಮಯ ನಮೂದಾಗಿರುತ್ತದೆ, ಆ ಹೊತ್ತಿನವರನ್ನು ಮಾತ್ರ ಒಳಬಿಡುವುದರಿಂದ ನೂಕುನುಗ್ಗಲಿಲ್ಲ. ವಿವರಣೆ ಕೇಳುವ ಯಂತ್ರಕ್ಕೆ ಬೇರೆ ದುಡ್ಡಿಲ್ಲ. ಟಿಕೆಟನ್ನು ಮಧ್ಯವರ್ತಿ ತಾಣಗಳಲ್ಲಿ ಕೊಳ್ಳದೆ, ಅರಮನೆಯ ಭೇಟಿಗಳನ್ನು ನಡೆಸುವ ರಾಯಲ್ ಕಲೆಕ್ಷನ್ ಟ್ರಸ್ಟ್‌ನಿಂದಲೇ ನೇರವಾಗಿ ಕೊಂಡರೆ ಅದನ್ನು ಒಂದು ವರ್ಷದ ಪಾಸಾಗಿ ಬದಲಿಸಿಕೊಳ್ಳಬಹುದು. ಕೊಂಡ ದುಡ್ಡನ್ನು ದೇಣಿಗೆ ಎಂದು ಒಪ್ಪಿ ಸಹಿ ಮಾಡಿದರಾಯಿತು. ಗೊತ್ತಿಲ್ಲದೆ ಬಿಟ್ಟುಬಿಡುವವರೇ ಹೆಚ್ಚು. ಶೌಚಾಲಯ ಸಿಗುವುದು ಕೋಣೆಗಳನ್ನೆಲ್ಲ ಮುಗಿಸಿ ತೋಟಕ್ಕೆ ಬಂದ ಮೇಲೆ. ಎರಡು ಗಂಟೆಗೂ ಹೆಚ್ಚು ಹಿಡಿಯುವ ಸುತ್ತು, ಮಕ್ಕಳನ್ನೂ ಹಿರಿಯರನ್ನೂ ಕರೆದೊಯ್ಯುವವರು ಇದನ್ನು ಲೆಕ್ಕಕ್ಕಿಟ್ಟುಕೊಳ್ಳಬೇಕು. ನಿಜವಾಗಿ ಮನೆಯಾಗಿ ಬಳಕೆಯಲ್ಲಿರುವ ಬಾಲ್ಮೋರಲ್ ಕೋಟೆಯ ಒಳಕೋಣೆಗಳನ್ನು 2024ರಲ್ಲಿ ಮೊದಲ ಸಲ ತೋರಿಸಿದಾಗ ದಿನಕ್ಕೆ 40 ಜನರನ್ನಷ್ಟೇ ಬಿಟ್ಟರು. ತಲೆಗೆ 100 ಪೌಂಡ್, ಚಹಾ ಸೇರಿದರೆ 150. ಅರಮನೆ ನಿಜಕ್ಕೂ ಮನೆಯಾದಷ್ಟೂ ಟಿಕೆಟ್ ಕಡಿಮೆ, ಬೆಲೆ ಮೇಲೆ.

ಜೈಪುರದಲ್ಲೂ ಲೆಕ್ಕ ಇದೇ. ಸಿಟಿ ಪ್ಯಾಲೇಸಿನೊಳಗಿನ ಚಂದ್ರಮಹಲಿಗೆ ಏಳು ಅಂತಸ್ತು, ರಾಜಮನೆತನ ಇರುವುದು ಅಲ್ಲೇ. ಸಾಮಾನ್ಯ ಟಿಕೆಟ್ಟಿಗೆ ಸಿಗುವುದು ಮುಬಾರಕ್ ಮಹಲಿನ ಬಟ್ಟೆಗಳ ಸಂಗ್ರಹ, ಸಭಾ ನಿವಾಸ, ಸರ್ವತೋಭದ್ರ ಮಂಟಪ, ನಾಲ್ಕು ಋತುಗಳ ಬಾಗಿಲುಗಳಿರುವ ಪ್ರೀತಮ್ ನಿವಾಸ ಚೌಕ. ಮೇಲಂತಸ್ತು ನೋಡಬೇಕೆಂದರೆ ಮಾರ್ಗದರ್ಶಕರ ಜೊತೆ ಹೋಗುವ ಪ್ರತ್ಯೇಕ ಟಿಕೆಟ್ ಬೇಕು, ಅದು ಹಲವು ಪಟ್ಟು ದುಬಾರಿ. ಮೊದಲ ಸಲ ಹೋಗುವವರಿಗೆ ಸಾಮಾನ್ಯ ಟಿಕೆಟ್ಟೇ ಸಾಕು. ಸರ್ವತೋಭದ್ರದ ಎರಡು ಬೆಳ್ಳಿ ಹಂಡೆಗಳು ತಪ್ಪಬಾರದು. 1902ರಲ್ಲಿ ಎರಡನೆಯ ಮಾಧೋಸಿಂಗ್ ಲಂಡನ್ನಿಗೆ ಹೊರಟಾಗ ಗಂಗಾಜಲ ತುಂಬಿಸಿಕೊಂಡು ಹೋದ ಹಂಡೆಗಳಿವು. ಒಂದೊಂದೂ ಸುಮಾರು 340 ಕೆಜಿ, ಒಂದೊಂದರಲ್ಲೂ 4 ಸಾವಿರ ಲೀಟರಿಗೂ ಹೆಚ್ಚು ನೀರು ಹಿಡಿಯುತ್ತದೆ.

ಜೋಧಪುರದ್ದು ಬೇಸರದ ಸಂಗತಿ. 1929ರಲ್ಲಿ ಬರಗಾಲದ ಕಾಮಗಾರಿಯಾಗಿ ಶುರುವಾಗಿ 1943ರಲ್ಲಿ ಮುಗಿದ ಉಮೈದ್ ಭವನದಲ್ಲಿ 347 ಕೋಣೆಗಳಿವೆ. ಒಂದು ಭಾಗ ಮನೆಯವರದು, ಒಂದು ತಾಜ್ ಹೋಟೆಲ್, ಉಳಿದ ಸಣ್ಣ ಭಾಗ ಮ್ಯೂಸಿಯಂ. ಟಿಕೆಟ್ಟಿಗೆ ಸಿಗುವುದು ಈ ಸಣ್ಣ ಭಾಗ ಮಾತ್ರ: ಚಿತ್ರಗಳು, ಗಡಿಯಾರಗಳು, ಹೊರಗೆ ಹಳೆಯ ಕಾರುಗಳು. ಗುಮ್ಮಟದ ಕೆಳಗಿನ ಭವ್ಯ ಅಂಗಳ ಹೋಟೆಲಿನ ಪಾಲು. ಮೆಹ್ರಾನ್‌ಗಢ ಕೋಟೆಗೆ ಅರ್ಧ ದಿನ ಕೊಟ್ಟು ಇಲ್ಲಿಗೆ ಮುಕ್ಕಾಲು ಗಂಟೆ ಇಟ್ಟುಕೊಂಡರೆ ಧಾರಾಳವಾಯಿತು.

ಇನ್ನು ಮೈಸೂರು. ಮರದ ಹಳೆಯ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಂದರ್ಭದಲ್ಲಿ ಸುಟ್ಟುಹೋಯಿತು. ಆಗ ರಾಜ್ಯಭಾರ ನಡೆಸುತ್ತಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು ವಾಸ್ತುಶಿಲ್ಪಿ ಹೆನ್ರಿ ಇರ್ವಿನ್‌ಗೆ ಹೊಸದನ್ನು ಕಟ್ಟುವ ಕೆಲಸ ಕೊಟ್ಟರು. 1912ರಲ್ಲಿ ಮುಗಿಯಿತು, ಖರ್ಚು ನಲವತ್ತು ಲಕ್ಷ ರೂಪಾಯಿ ದಾಟಿತು. ನಾವೀಗ ನೋಡುವುದು ಅದನ್ನೇ. 1971ರಲ್ಲಿ ಮಾಜಿ ಅರಸರಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ರಾಜಧನ ನಿಂತಿತು, 1998ರಲ್ಲಿ ರಾಜ್ಯ ಸರ್ಕಾರ ಅರಮನೆ ಸ್ವಾಧೀನಕ್ಕೆ ಕಾಯ್ದೆ ತಂದಿತು, ರಾಜಮನೆತನ ಅದರ ವಿರುದ್ಧ ಕೋರ್ಟಿಗೆ ಹೋಯಿತು. ಈ ಜಗ್ಗಾಟದ ನಡುವೆಯೇ ಪ್ರವಾಸಿಗರ ಪಾಲಿನ ಭಾಗವನ್ನು ಸರ್ಕಾರದ ಅರಮನೆ ಮಂಡಳಿ ನಡೆಸುತ್ತದೆ, ಹಿಂಭಾಗದಲ್ಲಿ ಒಡೆಯರ್ ಮನೆತನ ವಾಸವಿದೆ. ಟಿಕೆಟ್ ದುಡ್ಡು ಮಂಡಳಿಗೆ. ಹಿಂಭಾಗದಲ್ಲಿ ಮನೆತನದವರದೇ ಒಂದು ವಸ್ತುಸಂಗ್ರಹಾಲಯವಿದೆ, ಅದಕ್ಕೆ ಟಿಕೆಟ್ ಬೇರೆ. 'ಒಳಗೆಲ್ಲ ಸೇರಿ ಒಂದೇ ಟಿಕೆಟ್' ಎಂದುಕೊಂಡು ಹೋದವರು ಅಲ್ಲಿ ಗೊಣಗುವುದು ಸಾಮಾನ್ಯ. ಕಾರಣ ಇಷ್ಟೇ: ಒಂದೇ ಕೋಟೆಯೊಳಗೆ ಇಬ್ಬರು ಯಜಮಾನರು.

ಜನರಿಗೆ ಪ್ರವೇಶ ದಕ್ಷಿಣದ ವರಾಹ ದ್ವಾರದಿಂದ, ಬೆಳಿಗ್ಗೆ 10ರಿಂದ ಸಂಜೆ 5.30ರವರೆಗೆ. ಆಟೋದವರಿಗೆ ಬರೀ 'ಅರಮನೆ' ಎಂದರೆ ಯಾವ ಬಾಗಿಲಿಗೆ ಬಿಡುತ್ತಾರೋ ಹೇಳಲಾಗದು. ವರಾಹ ಗೇಟ್ ಎಂದೇ ಹೇಳಬೇಕು. ತಪ್ಪಿ ಉತ್ತರದ ಬಲರಾಮ ದ್ವಾರದ ಹತ್ತಿರ ಇಳಿದರೆ ಕೋಟೆಗೋಡೆ ಬಳಸಿಕೊಂಡು ಬಿಸಿಲಲ್ಲಿ ನಡೆಯುವ ಪ್ರಾರಬ್ಧ. ಅರಮನೆಯ ಮುಖ ಪೂರ್ವಕ್ಕೆ. ಮುಂಭಾಗದ ಫೋಟೋ ಬೇಕಿದ್ದವರು ಬೆಳಿಗ್ಗೆಯೇ ಮುಗಿಸಿಕೊಳ್ಳಿ, ಮಧ್ಯಾಹ್ನದ ನಂತರ ಸೂರ್ಯ ಗುಮ್ಮಟಗಳ ಹಿಂದೆ ಸರಿದು ಕಟ್ಟಡ ಕಪ್ಪಾಗಿ ಕಾಣುತ್ತದೆ. ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು. ಏಪ್ರಿಲ್-ಮೇ ಮಧ್ಯಾಹ್ನದಲ್ಲಿ ಹೊರಗಿನ ನೆಲ ಕಾದಿರುತ್ತದೆ, ಒಂದು ಜೊತೆ ಕಾಲುಚೀಲ ಚೀಲದಲ್ಲಿರಲಿ. ಡಿಸೆಂಬರ್-ಜನವರಿ ಶಾಲಾ ಪ್ರವಾಸದ ಕಾಲ. ಹತ್ತು ಗಂಟೆಗೆ ಬಾಗಿಲು ತೆಗೆಯುವಾಗಲೇ ಹೋದರೆ ಬಸ್ಸುಗಳಿಗಿಂತ ಒಂದು ಹೆಜ್ಜೆ ಮುಂದಿರಬಹುದು.

ಒಳಗೆ ಏಕಮುಖ ದಾರಿ. ಒಂದು ಸಲ ಮುಂದೆ ಹೋದರೆ ಹಿಂದಿರುಗುವಂತಿಲ್ಲ. ಮೊದಲಿಗೆ ಗೊಂಬೆ ತೊಟ್ಟಿ, ಅಂಬಾರಿ. ಜನ ಅಂಬಾರಿಯ ಮುಂದೆ ನಿಲ್ಲುವುದರಿಂದ ಸಾಲು ಶುರುವಿನಲ್ಲೇ ಕಟ್ಟಿಕೊಳ್ಳುತ್ತದೆ. 750 ಕೆಜಿ ತೂಗುವ ಈ ಅಂಬಾರಿ ಗಾಜಿನ ಹಿಂದಿನ ಸ್ಮಾರಕವಲ್ಲ, ಪ್ರತಿ ವಿಜಯದಶಮಿಗೆ ಹೊರಬಂದು ಚಾಮುಂಡೇಶ್ವರಿಯನ್ನು ಹೊತ್ತು ಆನೆಯ ಬೆನ್ನೇರುತ್ತದೆ.

ಮುಂದಿನ ಕಲ್ಯಾಣ ಮಂಟಪಕ್ಕೆ ಅವಸರ ಬೇಡ. ಎಂಟು ಮೂಲೆಯ ಈ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು. ಮೇಲೆ ಬಣ್ಣದ ಗಾಜಿನಲ್ಲಿ ನವಿಲುಗಳು, ಕೆಳಗೆ ನೆಲದಲ್ಲೂ ಅದೇ ನವಿಲು. ಎಲ್ಲರೂ ಕತ್ತೆತ್ತಿ ನೋಡಿ ಮುಂದೆ ಸಾಗುತ್ತಾರೆ. ನೋಡಬೇಕಾದ್ದು ಸುತ್ತಲ ಗೋಡೆಯ ದಸರಾ ಮೆರವಣಿಗೆಯ ಚಿತ್ರಗಳನ್ನು. ಇವು ಕಲ್ಪನೆಯಲ್ಲಿ ಬಿಡಿಸಿದವಲ್ಲ, ನಡೆದ ಮೆರವಣಿಗೆಗಳ ಛಾಯಾಚಿತ್ರಗಳನ್ನು ಇಟ್ಟುಕೊಂಡು ಬರೆದವು. ಪೇಟದ ಸುತ್ತು, ಕುದುರೆಯ ಜೀನು, ಪದಾತಿಯ ಸಮವಸ್ತ್ರ ಎಲ್ಲವೂ ಆ ಕಾಲದ ದಾಖಲೆ. ಜನ ಗೋಡೆಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆಯುವುದರಿಂದ ಚಿತ್ರ ಕಾಣುವುದೇ ಕಷ್ಟ, ಎರಡು ಗುಂಪುಗಳ ನಡುವಿನ ಬಿಡುವಿಗೆ ಕಾಯಬೇಕಾಗುತ್ತದೆ.

ಮೇಲಂತಸ್ತಿನಲ್ಲಿ ಪೂರ್ವಕ್ಕೆ ತೆರೆದ ದರ್ಬಾರ್ ಹಾಲ್, ಆಮೇಲೆ ಅಂಬಾವಿಲಾಸ ಎಂಬ ಖಾಸಗಿ ದರ್ಬಾರಿನ ಹಾಲ್. ಬೆಳ್ಳಿ ಬಾಗಿಲು, ದಂತದ ಕುಸುರಿಯ ಬೀಟೆ ಮರದ ಬಾಗಿಲು, ಅಮೃತಶಿಲೆಯಲ್ಲಿ ಬಣ್ಣದ ಕಲ್ಲು ಕೂರಿಸಿದ ನೆಲ ಎಲ್ಲ ಈ ಕಡೆ. ಅಲ್ಲಿಂದ ಮುಂದೆ ಮುಚ್ಚಿದ ಬಾಗಿಲುಗಳು. ಇದು ಈಗಲೂ ಜನ ಬದುಕುತ್ತಿರುವ ಮನೆ, ಆ ಬಾಗಿಲಾಚೆ ಏನು ನಡೆಯುತ್ತದೆ ಅನ್ನುವುದನ್ನು ಸರದಿಯಲ್ಲಿ ಸಾಗುವ ಸಾಮಾನ್ಯ ಭೇಟಿ ಹೇಳುವುದೇ ಇಲ್ಲ. ಮೈಸೂರಿನ ಭೇಟಿಯ ದೊಡ್ಡ ಕೊರತೆ ಇದು. ಸಾಮಾನ್ಯ ದಿನದಲ್ಲಿ ಹೋದವರಿಗೆ ಇದು ಒಳ್ಳೆಯ, ಆದರೆ ಜೀವಕಳೆಯಿಲ್ಲದ ಮ್ಯೂಸಿಯಂ. ಐದಕ್ಕೆ ಮೂರೂವರೆ ಕೊಡಬಹುದು. ಗೈಡ್ ಹಿಡಿಯುವವರು ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ನೋಡಿ, ದರ ಮೊದಲೇ ಮಾತಾಡಿ, ಮನೆತನದ ಈಗಿನ ಆಚರಣೆಗಳ ಬಗ್ಗೆ ಹೇಳಲೇಬೇಕು ಎಂದು ಕೇಳಿಕೊಳ್ಳಿ. ಇಲ್ಲದಿದ್ದರೆ ಚಿನ್ನ ಎಷ್ಟು ಕೆಜಿ, ಗಾಜು ಯಾವ ದೇಶದ್ದು ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ.

ನವರಾತ್ರಿ ಹತ್ತಿರವಾದಂತೆ ಇದೇ ಕಟ್ಟಡ ಬೇರೆಯಾಗುತ್ತದೆ. ಬಿಡಿಬಿಡಿಯಾಗಿ ಭದ್ರತಾ ಕೊಠಡಿಯಲ್ಲಿರುವ ರತ್ನಖಚಿತ ಸಿಂಹಾಸನವನ್ನು ಹೊರತಂದು ಪೂಜೆ ಮಾಡಿ ಜೋಡಿಸುತ್ತಾರೆ. ಮೈಸೂರಿನ ಹತ್ತಿರದ ಗೆಜ್ಜಗಹಳ್ಳಿಯವರಿಗೆ ಪರಂಪರೆಯಿಂದ ಬಂದ ಕೆಲಸವಿದು. ಅಷ್ಟು ಹೊತ್ತು ಪ್ರವಾಸಿಗರಿಗೆ ಪ್ರವೇಶವಿಲ್ಲ, ಸಿಸಿಟಿವಿ ಕ್ಯಾಮೆರಾಗಳಿಗೂ ಪರದೆ. ನವರಾತ್ರಿಯ ಮೊದಲ ದಿನದಿಂದ ಯದುವೀರ ಕೃಷ್ಣದತ್ತ ಚಾಮರಾಜ ಒಡೆಯರ್ ಸಿಂಹಾಸನವೇರಿ ಖಾಸಗಿ ದರ್ಬಾರ್ ನಡೆಸುತ್ತಾರೆ. 2015ರಲ್ಲಿ ಪ್ರಮೋದಾದೇವಿ ಒಡೆಯರ್ ಅವರು ದತ್ತು ಪಡೆದ ಇವರು 2024ರಿಂದ ಮೈಸೂರಿನ ಸಂಸದರೂ ಹೌದು. ಬೆಳಿಗ್ಗೆ ಲೋಕಸಭಾ ಸದಸ್ಯ, ಸಂಜೆ ಸಿಂಹಾಸನ: ಇಂಥದ್ದು ಬಕಿಂಗ್‌ಹ್ಯಾಮಿನಲ್ಲಿ ಕಾಣಸಿಗದು. ವಿಜಯದಶಮಿಯ ಬೆಳಿಗ್ಗೆ ಅರಮನೆಯ ಒಳ ತೊಟ್ಟಿಯಲ್ಲಿ ಜಟ್ಟಿಗಳು ಮುಷ್ಟಿಗೆ ಮೊನಚಾದ ಆಯುಧ ತೊಟ್ಟು ಸೆಣಸುವ ವಜ್ರಮುಷ್ಟಿ ಕಾಳಗ. ಎದುರಾಳಿಯ ತಲೆಯಿಂದ ಮೊದಲ ಹನಿ ರಕ್ತ ಬಂದೊಡನೆ ಮುಗಿಯುತ್ತದೆ, ಆಹ್ವಾನಿತರನ್ನು ಬಿಟ್ಟು ಬೇರೆಯವರಿಗೆ ಅಲ್ಲಿ ಜಾಗವಿಲ್ಲ.

ಪ್ರವಾಸಿಗೆ ಇದರಿಂದ ಆಗುವ ತೊಂದರೆ ಏನು? ದಸರಾ ನೋಡಲೆಂದೇ ಬಂದವರು ಅರಮನೆಯ ಮುಂದೆ ನಿಂತಾಗ ಬಾಗಿಲು ಮುಚ್ಚಿರಬಹುದು. ಸಿಂಹಾಸನ ಜೋಡಣೆಯ ದಿನ, ನವರಾತ್ರಿಯ ಮೊದಲ ದಿನ, ಆಯುಧಪೂಜೆ, ವಿಜಯದಶಮಿ, ಸಿಂಹಾಸನ ಬಿಚ್ಚುವ ದಿನ, ಈ ಐದೂ ಅಪಾಯದವು. ಕೆಲವು ದಿನ ಮಧ್ಯಾಹ್ನದವರೆಗೆ, ಕೆಲವು ದಿನ ಪೂರ್ತಿ ಪ್ರವೇಶ ನಿಲ್ಲುತ್ತದೆ. ವೇಳೆ ತೀರ್ಮಾನವಾಗುವುದು ಆ ವರ್ಷದ ಪಂಚಾಂಗದ ಮುಹೂರ್ತದ ಮೇಲೆ, ಆದ್ದರಿಂದ ಹೋದ ವರ್ಷದ ಪಟ್ಟಿ ಈ ವರ್ಷ ಕೆಲಸಕ್ಕೆ ಬಾರದು. ಮಂಡಳಿ ಪ್ರಕಟಣೆ ಕೊಡುತ್ತದೆ, ಮೈಸೂರಿನ ಪತ್ರಿಕೆಗಳಲ್ಲಿ ಬರುತ್ತದೆ. ಹೊರ ಊರಿನವರಿಗೆ ಅದು ಕಾಣುವಷ್ಟರಲ್ಲಿ ರೈಲು, ಲಾಡ್ಜ್ ಎಲ್ಲ ಬುಕ್ ಆಗಿರುತ್ತದೆ. ಲಂಡನ್ನಿನಂತೆ ಮುಚ್ಚುವ ದಿನಗಳ ಪಟ್ಟಿಯನ್ನು ತಿಂಗಳುಗಳ ಮೊದಲೇ ಟಿಕೆಟ್ ಪುಟದಲ್ಲಿ ಹಾಕುವುದು ಕಷ್ಟದ ಕೆಲಸವೇನಲ್ಲ. ನವರಾತ್ರಿಯ ದಿನಾಂಕ ಪಂಚಾಂಗದಲ್ಲಿ ವರ್ಷ ಮೊದಲೇ ಇರುತ್ತದಲ್ಲ.

ಹಾಗಾಗಿ ದಸರೆಗೆ ಹೋಗುವವರು ಅರಮನೆಯ ಒಳಭೇಟಿಯನ್ನು ಎರಡನೆಯ ದಿನದಿಂದ ಆಯುಧಪೂಜೆಯ ಹಿಂದಿನ ದಿನದೊಳಗೆ, ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳುವುದು ಕ್ಷೇಮ. ಸಂಜೆ ಖಾಸಗಿ ದರ್ಬಾರಿನ ಸಿದ್ಧತೆಯಿರುತ್ತದೆ, ಹೊರಗೆ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಜನ ಸೇರುತ್ತಾರೆ. ಜೋಡಿಸಿದ ಸಿಂಹಾಸನವನ್ನು ಸಾರ್ವಜನಿಕರು ನೋಡಬಹುದಾದದ್ದು ಈ ದಿನಗಳಲ್ಲಿ, ಮತ್ತೆ ಬಿಚ್ಚುವವರೆಗಿನ ಕೆಲ ದಿನಗಳಲ್ಲಿ. ವಿಜಯದಶಮಿ ಮುಗಿದು ಊರಿನ ಜನಜಂಗುಳಿ ಕರಗಿದ ಮೇಲಿನ ಆ ಕೆಲ ದಿನಗಳೇ ವರ್ಷದಲ್ಲೆಲ್ಲ ಒಳ್ಳೆಯ ಅವಕಾಶ: ಸಿಂಹಾಸನ ಇನ್ನೂ ಇದೆ, ಸಾಲು ಚಿಕ್ಕದು, ಲಾಡ್ಜ್ ದರವೂ ಇಳಿದಿರುತ್ತದೆ. ಆ ವಾರದ ಭೇಟಿಗೆ ಐದಕ್ಕೆ ನಾಲ್ಕೂವರೆ.

ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಯ ಸಂಜೆ 7ರ ಹೊತ್ತಿಗೆ, ದಸರೆಯಲ್ಲಿ ಪ್ರತಿ ಸಂಜೆ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತುತ್ತವೆ. ಫೋಟೋದಲ್ಲಿ ಆಕಾಶಕ್ಕೆ ನೀಲಿ ಬೇಕೆಂದರೆ ಜೂನ್-ಜುಲೈನ ಮಳೆಯಿಲ್ಲದ ಭಾನುವಾರ ಹಿಡಿಯಿರಿ, ಆಗ ಸೂರ್ಯ ಮುಳುಗುವುದೇ ಏಳಕ್ಕೆ ಸ್ವಲ್ಪ ಮೊದಲು. ನವೆಂಬರಿನಲ್ಲಿ ಆರೂವರೆಗೇ ಕತ್ತಲು, ಹಿನ್ನೆಲೆ ಪೂರ್ತಿ ಕಪ್ಪು. ಒಳಭೇಟಿ 5.30ಕ್ಕೆ ಮುಗಿದರೆ ನಡುವೆ ಒಂದೂವರೆ ಗಂಟೆ ಉಳಿಯುತ್ತದೆ, ದೇವರಾಜ ಮಾರುಕಟ್ಟೆ ನಡೆದು ಹೋಗುವಷ್ಟು ಹತ್ತಿರ. ದೀಪ ಆರಿದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುವುದರಿಂದ ಹಾರ್ಡಿಂಜ್ ವೃತ್ತದ ಕಡೆ ವಾಹನ ಕದಲುವುದಿಲ್ಲ. ಕಾರು ತಂದವರು ಅರ್ಧ ಗಂಟೆ ತಡೆದು ಹೊರಡುವುದು ಒಳ್ಳೆಯದು.