ಮುರಕಲ್ಲಿನ ಗುಡ್ಡೆಗೂ ಮನಾಲಿಯ ಹಿಮಕ್ಕೂ ಒಂದೇ ಸೆಟ್ ಟೈರು: ಮೂರು ವರ್ಷ ಓಡಿಸಿದ ಮೇಲೆ

ಗಾಡಿ ಮಹೀಂದ್ರ ಥಾರ್, ಡೀಸೆಲ್, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್‌ನ ಎಳೆತ ಹೋಗುವಂಥದ್ದು. ಟೈರು ಆಲ್ ಟೆರೇನ್ ಜಾತಿಯದ್ದು, ಅಂದರೆ ಡಾಂಬರಿಗೂ ಕಚ್ಚಾ ದಾರಿಗೂ ಆಗುವಂಥದ್ದು, ಅಳತೆ 245/75 ಆರ್16, ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲೆ ಹಿಮದ ಗುರುತು ಇರುವಂಥದ್ದು. ಮನೆ ಕಾಸರಗೋಡಿನ ಮುಳ್ಳೇರಿಯದ ಹತ್ತಿರ. ಮಳೆಗಾಲವಿಡೀ ತೋಟದ ದಾರಿಯಲ್ಲಿ ಓಡುವ ಈ ಟೈರು ಚಳಿಗಾಲದಲ್ಲಿ ಹಿಮಾಚಲದ ಮನಾಲಿ, ಸಿಸ್ಸು ಕಡೆಯ ಹಿಮದ ರಸ್ತೆಯನ್ನೂ ಕಂಡಿದೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಈ ಜಾತಿಯ ಟೈರನ್ನು ಹಲವರು ಮಾಡುತ್ತಾರೆ, ಆರಿಸುವಾಗ ನೋಡಬೇಕಾದ್ದು ಸೈಡ್‌ವಾಲ್ ಮೇಲೆಯೇ ಇದೆ.

ನಮ್ಮ ಕಡೆಯಿಂದ ಹಿಮ ನೋಡಲು ಹೊರಡುವವರು ಮೊದಲು ಕೇಳುವುದು ಮಡ್ ಟೆರೇನ್, ಅಂದರೆ ಕೆಸರಿಗೆಂದೇ ಮಾಡಿದ ಟೈರು. ದಪ್ಪ ಬಟನ್ (ನೆಲ ಮುಟ್ಟುವ ರಬ್ಬರಿನ ಉಬ್ಬು) ಇದ್ದರೆ ಎಲ್ಲಿಯೂ ಹಿಡಿಯುತ್ತದೆ ಎಂಬ ನಂಬಿಕೆ. ಕೆಸರಿಗೆ ಅದು ಸರಿ. ಆಳದ ಮೆತ್ತಗಿನ ಹಿಮಕ್ಕೂ ನಡೆಯುತ್ತದೆ. ಆದರೆ ಗಾಡಿಗಳು ಓಡಾಡಿ ಗಟ್ಟಿಯಾದ ಹಿಮದಲ್ಲಿ ಹಿಡಿತ ಕೊಡುವುದು ಬಟನ್ ಮೇಲಿನ ಸಪೂರ ಸೀಳುಗಳು. ಸೈಪ್ ಅಂತ ಹೇಳುತ್ತಾರೆ. ಗಾಡಿಯ ಭಾರಕ್ಕೆ ಅವು ತುಸು ಬಾಯಿ ಬಿಟ್ಟು, ಒಂದೊಂದರ ಅಂಚೂ ಹಿಮವನ್ನು ಕಚ್ಚುತ್ತದೆ. ಮಡ್ ಟೈರಿನಲ್ಲಿ ಈ ಸೀಳು ಬಹಳ ಕಡಿಮೆ.

ಇನ್ನೊಂದು ರಬ್ಬರಿನ ವಿಷಯ. ಸುಮಾರು 7 ಡಿಗ್ರಿಗಿಂತ ಚಳಿಯಾದರೆ ಸಾಮಾನ್ಯ ಟೈರಿನ ರಬ್ಬರು ಗಟ್ಟಿಯಾಗುತ್ತಾ ಹೋಗುತ್ತದೆ, ಹಿಡಿತ ಇಳಿಯುತ್ತದೆ. ಚಳಿಗೆಂದೇ ಮಾಡಿದ ರಬ್ಬರು ಮೆತ್ತಗೇ ಉಳಿಯುತ್ತದೆ. ಇದು ಕಣ್ಣಿಗೆ ಕಾಣುವ ಸಂಗತಿ ಅಲ್ಲ. ಅದಕ್ಕೇ ಗುರುತು ನೋಡಬೇಕು.

ಸೈಡ್‌ವಾಲ್ ಮೇಲೆ ‘ಎಂ+ಎಸ್’ (ಮಡ್ ಮತ್ತು ಸ್ನೋ, ಕೆಸರು ಮತ್ತು ಹಿಮ) ಎಂದು ಕಂಡರೆ ಅಂಗಡಿಯವರು ‘ಸ್ನೋ ಟೈರ್’ ಅನ್ನುತ್ತಾರೆ. ಆ ಅಕ್ಷರ ಹೇಳುವುದು ಬಟನ್‌ಗಳ ವಿನ್ಯಾಸದ ಬಗ್ಗೆ ಮಾತ್ರ, ಹಿಮದಲ್ಲಿ ಓಡಿಸಿ ನೋಡಿದ್ದಾರೆ ಅಂತ ಅದರ ಅರ್ಥ ಅಲ್ಲ. ನೀವು ಹುಡುಕಬೇಕಾದ್ದು ಮೂರು ಮೊನೆಯ ಬೆಟ್ಟ, ಅದರೊಳಗೆ ಆರು ಎಸಳಿನ ಹಿಮದ ಚಿತ್ರ. ಒತ್ತಿದ ಹಿಮದ ಮೇಲೆ ಪರೀಕ್ಷೆ ಮಾಡಿ, ಹೋಲಿಕೆಗೆ ಇಟ್ಟ ಟೈರಿಗಿಂತ ಕನಿಷ್ಠ 10 ಶೇಕಡಾ ಜಾಸ್ತಿ ಎಳೆತ ಬಂದರೆ ಮಾತ್ರ ಆ ಚಿತ್ರ ಹಾಕುತ್ತಾರೆ. ಜರ್ಮನಿಯಲ್ಲಿ 2024ರ ಅಕ್ಟೋಬರ್‌ನಿಂದ ಹಿಮದ ರಸ್ತೆಗೆ ‘ಎಂ+ಎಸ್’ ಒಂದೇ ಇದ್ದರೆ ಸಾಲದು, ಈ ಚಿತ್ರವೇ ಬೇಕು. ಆದರೂ ಆ ಪರೀಕ್ಷೆ ಮುಖ್ಯವಾಗಿ ಮುಂದಕ್ಕೆ ಎಳೆಯುವ ಶಕ್ತಿಯದ್ದು. ಬ್ರೇಕಿಗೆ ಅಥವಾ ಗಾಜಿನಂತಹ ಮಂಜುಗಡ್ಡೆಗೆ ಅದು ಭರವಸೆ ಕೊಡುವುದಿಲ್ಲ.

ಈ ವ್ಯತ್ಯಾಸ ನನಗೆ ಚೆನ್ನಾಗಿ ಕಂಡದ್ದು ಸೋಲಂಗ್‌ನಿಂದ ಅಟಲ್ ಸುರಂಗದ ಕಡೆಗೆ ಏರುವಾಗ. ಹಿಮ ಬಿದ್ದರೆ ಅಲ್ಲಿ ಪೊಲೀಸರು ಫೋರ್ ಬೈ ಫೋರ್ ಅಥವಾ ಚಕ್ರಕ್ಕೆ ಚೈನ್ ಹಾಕಿದ ಗಾಡಿಗಳನ್ನು ಮಾತ್ರ ಬಿಡುವುದುಂಟು. ಮುಂದಿದ್ದ ಜೀಪಿಗೆ ದೊಡ್ಡ ಬಟನ್‌ನ ಮಡ್ ಟೈರು. ತಿರುವಿನಲ್ಲಿ ನಾಲ್ಕೂ ಚಕ್ರ ತಿರುಗುತ್ತಿದ್ದವು, ಗಾಡಿ ಮಾತ್ರ ಇದ್ದಲ್ಲೇ ಇತ್ತು. ನಮ್ಮದು ಎರಡನೇ ಗೇರಿನಲ್ಲಿ, ಆಕ್ಸಿಲರೇಟರ್ ಹೆಚ್ಚು ಒತ್ತದೆ, ಏರಿತು. ಸುರಂಗ ದಾಟಿ ಸಿಸ್ಸು ಕಡೆಗೆ ಇಳಿಯುವಾಗ ನೆರಳಿನ ಜಾಗದಲ್ಲಿ ರಸ್ತೆ ಕಪ್ಪಗೆ ಒದ್ದೆಯಾದ ಹಾಗೆ ಕಾಣುತ್ತಿತ್ತು. ಇಳಿದು ಕಾಲಿಟ್ಟರೆ ನಿಲ್ಲಲಾಗದಷ್ಟು ಜಾರು. ಅಲ್ಲಿನ ಡ್ರೈವರ್ ಒಬ್ಬರು ಹೇಳಿದ್ದು ಇಷ್ಟೇ: “ಬ್ರೇಕ್ ಮುಟ್ಟಬೇಡಿ, ಗೇರಿನಲ್ಲೇ ಇಳಿಸಿ, ಚೈನ್ ಹಾಕಿಕೊಳ್ಳಿ.” ಫೋರ್ ಬೈ ಫೋರ್ ಗಾಡಿಯನ್ನು ಎಳೆಯುತ್ತದೆ, ನಿಲ್ಲಿಸುವುದಿಲ್ಲ. ಲೋ ರೇಂಜಿಗೆ (ಫೋರ್ ಬೈ ಫೋರ್‌ನ ನಿಧಾನದ ಗೇರು) ಹಾಕಿ, ಚೈನ್ ಕಟ್ಟಿ, ನಡಿಗೆಯ ವೇಗದಲ್ಲಿ ಇಳಿದೆವು.

ಟೈರಿನ ಗಾಳಿಯ ಲೆಕ್ಕವನ್ನೂ ಹೇಳಲೇಬೇಕು. ಸುಮಾರು 5.5 ಡಿಗ್ರಿ ಚಳಿ ಹೆಚ್ಚಿದರೆ ಒತ್ತಡ 1 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುತ್ತದೆ. ಊರಿನ 30 ಡಿಗ್ರಿಯಲ್ಲಿ ತುಂಬಿಸಿಕೊಂಡು ಹೋದರೆ, ಮೈನಸ್ 5ರ ಬೆಳಿಗ್ಗೆ ಚಳಿಯಿಂದಲೇ ಆರು ಪಿಎಸ್‌ಐ ಹೋಗಿರುತ್ತದೆ. ಇನ್ನೊಂದು ಕಡೆ, 3,000 ಮೀಟರ್ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆಯಾದ್ದರಿಂದ ಗೇಜು ಜಾಸ್ತಿ ತೋರಿಸುತ್ತದೆ. ಹಾಗಾಗಿ ಊರಲ್ಲಿ ಕುಳಿತು ಅಂದಾಜು ಹಾಕುವುದರಲ್ಲಿ ಅರ್ಥ ಇಲ್ಲ. ಸ್ವಂತ ಗೇಜು, ಸಣ್ಣ ಪಂಪು ಇಟ್ಟುಕೊಳ್ಳಿ. ಬೆಳಿಗ್ಗೆ ಗಾಡಿ ಓಡಿಸುವ ಮೊದಲು ನೋಡಿ, ಕೆಳಗೆ ಇಳಿದ ಮೇಲೆ ಮತ್ತೆ ನೋಡಿ.

ಹಾಗಾದರೆ ನಿಜವಾದ ವಿಂಟರ್ ಟೈರನ್ನೇ ಯಾಕೆ ಹಾಕಿಸಲಿಲ್ಲ? ಕಾಸರಗೋಡಿನಿಂದ ಮನಾಲಿಗೆ ಎರಡೂವರೆ ಸಾವಿರ ಕಿಲೋಮೀಟರ್ ಮೀರಿದ ದಾರಿ, ಹೆಚ್ಚಿನದ್ದು ಬಿಸಿ ಡಾಂಬರು. ಆ ಮೆತ್ತಗಿನ ರಬ್ಬರು ಇಲ್ಲಿನ ಸೆಕೆಗೆ ಬೇಗ ಸವೆಯುತ್ತದೆ, ಬ್ರೇಕಿನಲ್ಲೂ ಹಿಂದೆ ಬೀಳುತ್ತದೆ. ಹಿಮದ ಗುರುತಿನ ಆಲ್ ಟೆರೇನ್ ಎರಡರ ನಡುವಿನದ್ದು. ನಮ್ಮಂಥವರಿಗೆ ಅದೇ ಸರಿ.

ಯಾಕೆಂದರೆ ಟೈರಿನ ಹೆಚ್ಚಿನ ಆಯುಸ್ಸು ಕಳೆಯುವುದು ಇಲ್ಲಿಯೇ ಅಲ್ವಾ. ಜೋರು ಮಳೆಯ ಆಟಿ ತಿಂಗಳಲ್ಲಿ ನಮ್ಮ ಮನೆಗೆ ಇಳಿಯುವ ಕಾಂಕ್ರೀಟ್ ರಸ್ತೆ ಪಾಚಿ ಹಿಡಿದು ಹಸಿರಾಗಿರುತ್ತದೆ. ಅಡಿಕೆ ಮೂಟೆ ಹಾಕಿಕೊಂಡು ಏರುವಾಗ ಹಳೆಯ ಟೈರು ಪ್ರತಿ ಸಲ ಜಾರುತ್ತಿತ್ತು. ಈ ಟೈರು ಜಾರುವುದು ಒಮ್ಮೊಮ್ಮೆ ಮಾತ್ರ. ಗುಡ್ಡೆಯ ಮುರಕಲ್ಲಿನ ಚೂಪು ಅಂಚಿಗೂ ಸೈಡ್‌ವಾಲ್ ತಡೆದುಕೊಂಡಿದೆ. ಗೀರು ಬಿದ್ದಿದೆ, ಒಳಗಿನ ನೂಲು ಕಂಡಿಲ್ಲ. ಜಲ್ಲಿ ಮಾತ್ರ ಬಟನ್ ಸಂದಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಬಿಟ್ಟರೆ ಒಳಗೆ ಕೊರೆಯುತ್ತದೆ. ವಾರಕ್ಕೊಮ್ಮೆ ಸ್ಕ್ರೂಡ್ರೈವರ್‌ನಿಂದ ಕಿತ್ತು ತೆಗೆಯುತ್ತೇನೆ. ಅಂಟು ಕೆಸರಿನಲ್ಲಿ, ಅಂದರೆ ಗದ್ದೆಯ ಬದಿಯಲ್ಲಿ, ಸಂದಿಗಳು ತುಂಬಿಕೊಂಡು ಟೈರು ನುಣ್ಣಗಾಗುತ್ತದೆ. ಅಲ್ಲಿ ಮಡ್ ಟೆರೇನೇ ಮೇಲು, ಅನುಮಾನವೇ ಇಲ್ಲ.

ಕೊರತೆಗಳೂ ಇವೆ. ಹೈವೇಯಲ್ಲಿ 80 ದಾಟಿದರೆ ಗುಂಯ್ ಎಂಬ ಸದ್ದು, ಸವೆದ ಹಾಗೆ ಅದು ಜಾಸ್ತಿ. ಟೈರು ಭಾರ, ಮೈಲೇಜು ಸ್ವಲ್ಪ ಇಳಿದಿದೆ. ಖಾಲಿ ಗಾಡಿಯಲ್ಲಿ ಕುಲುಕಾಟ ಹೆಚ್ಚು. ಟೈರುಗಳ ಜಾಗ ಬದಲಾಯಿಸುವುದನ್ನು ತಪ್ಪಿಸಿದರೆ ಬಟನ್ ಅಂಚು ಒಂದೇ ಕಡೆ ಸವೆಯುತ್ತದೆ. ನಮ್ಮ ಪಂಕ್ಚರ್ ಅಂಗಡಿಯ ಇಕ್ಕ ಎಂಟು ಸಾವಿರ ಕಿಲೋಮೀಟರಿಗೆ ಸರಿಯಾಗಿ ನೆನಪಿಸುತ್ತಾರೆ.

ಭಾವ ತಮ್ಮ ಬೊಲೆರೊಗೂ ಇಂಥದ್ದೇ ಹಾಕಿಸಲಾ ಅಂತ ಕೇಳಿದರು. ಬೇಡ ಭಾವ ಅಂದೆ. ಹಿಮದ ಕಡೆಗೆ ಹೋಗುವ ಯೋಚನೆ ಇಲ್ಲದಿದ್ದರೆ ಆ ಗುರುತಿಗೆ ಸುಮ್ನೆ ದುಡ್ಡು ಕೊಡಬೇಕಾಗಿಲ್ಲ, ಸಾಮಾನ್ಯ ಆಲ್ ಟೆರೇನ್ ಸಾಕು. ಕೊಳ್ಳುವವರು, ಟೈರು ತಯಾರಾದ ವಾರ, ವರ್ಷ ಹೇಳುವ ನಾಲ್ಕು ಅಂಕೆಯನ್ನು ಸೈಡ್‌ವಾಲ್ ಮೇಲೆ ಓದಿ: 2324 ಅಂದರೆ 2024ರ 23ನೇ ವಾರ. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ರಬ್ಬರು ಹಿಮಕ್ಕೆ ಬೇಡ. ಚೈನನ್ನು ಟೈರಿನ ಅಳತೆ ಹೇಳಿಯೇ ತನ್ನಿ. ಮನೆಯ ಅಂಗಳದಲ್ಲಿ ಹಾಕಿ ತೆಗೆದು ಅಭ್ಯಾಸ ಮಾಡಿಕೊಳ್ಳಿ, ಮೈನಸ್ ಚಳಿಯಲ್ಲಿ ಬೆರಳು ಮಾತು ಕೇಳುವುದಿಲ್ಲ.

ನನ್ನ ಟೈರಿನ ಬಟನ್ ಈಗ 7 ಮಿ.ಮೀ. ಉಳಿದಿದೆ. ನಮ್ಮ ಕಾನೂನಿಗೆ 1.6 ಇದ್ದರೆ ಸಾಕು, ಆಸ್ಟ್ರಿಯಾದಲ್ಲಿ ಹಿಮದ ರಸ್ತೆಗೆ 4 ಬೇಕು. ನಾನು ನಂಬುವುದು ಆ 4ನ್ನು. ಅದಕ್ಕೆ ಇಳಿದ ಮೇಲೆ ಇದನ್ನು ಮನಾಲಿಗೆ ಒಯ್ಯುವುದಿಲ್ಲ, ತೋಟದ ಒಳಗೆ ಇನ್ನೂ ಸ್ವಲ್ಪ ಕಾಲ ಓಡಿಸಿ, ಮುಂದಿನ ಸೆಟ್ಟನ್ನೂ ಇದೇ ಗುರುತು ನೋಡಿಯೇ ಹಾಕಿಸುತ್ತೇನೆ.