ಬಾಲ್ಕನಿಗೆ ತಂದ ‘ಬೀ ಹೋಟೆಲ್’: 14 ತಿಂಗಳ ಬಳಕೆಯ ನಂತರ

ಕಳೆದ ವರ್ಷ ಯುಗಾದಿಯ ಹೊತ್ತಿಗೆ ಆನ್‌ಲೈನ್ ಅಂಗಡಿಯೊಂದರಿಂದ 1,290 ರೂಪಾಯಿ ಕೊಟ್ಟು ಒಂದು ‘ಬೀ ಹೋಟೆಲ್’ ತರಿಸಿದೆ. ಜೇನುಗಳು ಬಂದು ಗೂಡು ಮಾಡಲೆಂದು ಇಡುವ, ಇಳಿಜಾರು ಮಾಡಿನ ಪುಟ್ಟ ಮನೆಯಂತಿರುವ ಮರದ ಪೆಟ್ಟಿಗೆ ಅದು. ಒಂದು ಖಾನೆಯಲ್ಲಿ ಬಿದಿರಿನ ತುಂಡುಗಳು, ಇನ್ನೊಂದರಲ್ಲಿ ತೂತು ಕೊರೆದ ಮರದ ದಿಮ್ಮಿಗಳು, ಮತ್ತೊಂದರಲ್ಲಿ ಪೈನ್ ಕಾಯಿಗಳು, ಕೆಳಗೆ ಪಾರದರ್ಶಕ ಪ್ಲಾಸ್ಟಿಕ್ ಕೊಳವೆಗಳ ಸಾಲು. ರಟ್ಟಿನ ಡಬ್ಬದ ಮೇಲೆ ಹೊಟ್ಟೆಗೆ ನೀಲಿ ಪಟ್ಟೆಗಳಿರುವ ಸುಂದರವಾದ ಜೇನಿನ ಚಿತ್ರವಿತ್ತು. ಬೆಂಗಳೂರಿನಂಥ ಊರಿನಲ್ಲಿ ನಾಲ್ಕು ಕುಂಡ ಇಟ್ಟುಕೊಂಡವರೂ ಈಗ ಇಂಥದ್ದನ್ನು ಕೊಳ್ಳುತ್ತಿರುವುದರಿಂದ, ಒಂದು ಪೂರ್ತಿ ಮಳೆಗಾಲ ಮತ್ತು ಎರಡು ಬೇಸಿಗೆ ಅದನ್ನು ಗಮನಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲಿಗೆ ಈ ಪೆಟ್ಟಿಗೆ ಯಾರಿಗಾಗಿ ಎಂಬುದು ಸ್ಪಷ್ಟವಾಗಬೇಕು. ನಮಗೆ ಪರಿಚಿತವಾದ ಹೆಜ್ಜೇನು, ತುಡುವೆ, ಕೋಲುಜೇನು, ಮುಜಂಟಿ ಇವೆಲ್ಲ ಕುಟುಂಬ ಕಟ್ಟಿ ಬಾಳುವಂಥವು. ಅವು ಇದರತ್ತ ಬರುವುದಿಲ್ಲ. ಆದರೆ ಜಗತ್ತಿನಲ್ಲಿರುವ ಸುಮಾರು 20,000 ಜಾತಿಯ ಜೇನುಗಳಲ್ಲಿ ಹೆಚ್ಚಿನವು ಒಂಟಿ ಜೀವಿಗಳು. ರಾಣಿ, ಕೆಲಸಗಾರರು ಎಂಬ ವ್ಯವಸ್ಥೆ ಅವುಗಳಲ್ಲಿಲ್ಲ; ಪ್ರತಿ ಹೆಣ್ಣೂ ತನ್ನ ಗೂಡನ್ನು ತಾನೇ ಕಟ್ಟಿ, ಪರಾಗದ ಉಂಡೆ ಕೂಡಿಟ್ಟು, ಅದರ ಮೇಲೆ ಮೊಟ್ಟೆಯಿಟ್ಟು ಬಾಗಿಲು ಮುಚ್ಚುತ್ತದೆ. ಇವುಗಳಲ್ಲೂ ಬಹುಪಾಲು ಜಾತಿಗಳು ನೆಲದಲ್ಲಿ ಬಿಲ ತೋಡುತ್ತವೆ. ಸಿದ್ಧವಾಗಿ ಸಿಗುವ ತೂತುಗಳಲ್ಲಿ ಗೂಡು ಮಾಡುವ ಉಳಿದ ಕೆಲವಕ್ಕೆ ಮಾತ್ರ ಈ ಪೆಟ್ಟಿಗೆ ಉಪಯುಕ್ತ.

ಡಬ್ಬದ ಮೇಲಿನ ಚಿತ್ರದ ಬಗ್ಗೆ ನನ್ನ ಮೊದಲ ಆಕ್ಷೇಪ ಇರುವುದು ಇದೇ ಕಾರಣಕ್ಕೆ. ನೀಲಿಪಟ್ಟೆ ಜೇನು ಮಣ್ಣಿನಲ್ಲಿ ಗೂಡು ಮಾಡುವ ಜೇನು. ಟೊಮೆಟೊ, ಬದನೆ ಹೂಗಳ ಪರಾಗಕೋಶಗಳು ತುದಿಯಲ್ಲಿರುವ ಸಣ್ಣ ರಂಧ್ರದಿಂದಷ್ಟೇ ಪರಾಗ ಬಿಡುತ್ತವೆ. ಈ ಜೇನು ಹೂವನ್ನು ತಬ್ಬಿ ಹಿಡಿದು, ರೆಕ್ಕೆಯ ಸ್ನಾಯುಗಳನ್ನು ಜೋರಾಗಿ ಕಂಪಿಸಿ ಅದನ್ನು ಉದುರಿಸುತ್ತದೆ. ತುಡುವೆ ಜೇನಿಗೆ ಈ ವಿದ್ಯೆ ಬರುವುದಿಲ್ಲ. ಕೈತೋಟದವರಿಗೆ ಇಷ್ಟು ಬೇಕಾದ ಜೇನನ್ನು ಚಿತ್ರದಲ್ಲಿ ತೋರಿಸಿ, ಅದು ಎಂದೂ ಒಳಹೋಗದ ಪೆಟ್ಟಿಗೆಯನ್ನು ಮಾರುವುದು ಸರಿಯಲ್ಲ. ಅದಕ್ಕೆ ಬೇಕಾದದ್ದು ಸಿಮೆಂಟ್ ಹಾಕದೆ, ಅಗೆಯದೆ ಬಿಟ್ಟ ಒಂದು ತುಂಡು ನೆಲ.

ಇನ್ನು ರಚನೆಯ ವಿಷಯ. ಬಿದಿರಿನ ತುಂಡುಗಳೆಲ್ಲ ಎರಡೂ ಕಡೆ ತೆರೆದಿದ್ದವು. ಹಿಂಬದಿ ಮುಚ್ಚಿರದ ಕೊಳವೆಯಲ್ಲಿ ಜೇನು ಗೂಡು ಮಾಡಲು ಒಪ್ಪುವುದು ಅಪರೂಪ. ದಿಮ್ಮಿಗಳ ತೂತುಗಳು ಐದು ಸೆಂಟಿಮೀಟರ್ ಆಳವೂ ಇರಲಿಲ್ಲ, ಮತ್ತು ಇದು ಮೇಲ್ನೋಟಕ್ಕೆ ಕಾಣುವುದಕ್ಕಿಂತ ದೊಡ್ಡ ದೋಷ. ತಾಯಿ ಜೇನು ಹೆಣ್ಣಾಗುವ ಮೊಟ್ಟೆಗಳನ್ನು ಕೊಳವೆಯ ಒಳತುದಿಯಲ್ಲಿಟ್ಟು, ಗಂಡಾಗುವ ಮೊಟ್ಟೆಗಳನ್ನು ಬಾಗಿಲ ಬಳಿ ಇಡುತ್ತದೆ. ಆಳ ಕಡಿಮೆಯಾದರೆ ಹುಟ್ಟುವುದರಲ್ಲಿ ಗಂಡುಗಳೇ ಹೆಚ್ಚಾಗುತ್ತವೆ, ಮುಂದಿನ ಪೀಳಿಗೆಯ ಗೂಡು ಕಟ್ಟುವವರೇ ಕಡಿಮೆಯಾಗುತ್ತಾರೆ. ಸುಮಾರು 15 ಸೆಂಟಿಮೀಟರ್ ಆಳವಿದ್ದರೆ ಒಳ್ಳೆಯದು. ತೂತುಗಳ ಅಂಚಿನಲ್ಲಿ ಸಿಬಿರು ಎದ್ದಿತ್ತು. ರೆಕ್ಕೆ ಹರಿಯಲು ಅಷ್ಟು ಸಾಕು. ಪ್ಲಾಸ್ಟಿಕ್ ಕೊಳವೆಗಳಂತೂ ಜೂನ್ ತಿಂಗಳ ಮಳೆಗೆ ಒಳಗೆಲ್ಲ ಬೆವೆತವು. ಒಂದರಲ್ಲಿದ್ದ ಪರಾಗದ ಉಂಡೆ ಬೂಷ್ಟು ಹಿಡಿದು ಬೂದುಬಣ್ಣಕ್ಕೆ ತಿರುಗಿದ್ದನ್ನು ಹೊರಗಿನಿಂದಲೇ ಕಂಡಾಗ ನನಗೆ ಆದ ಸಂಕಟ ಅಷ್ಟಿಷ್ಟಲ್ಲ. ಪೈನ್ ಕಾಯಿಗಳ ಖಾನೆ ಜಿರಳೆಗಳ ಪಾಲಾಯಿತು. ಪೆಟ್ಟಿಗೆಯನ್ನು ತೂಗುಹಾಕಲು ಒಂದು ಹುರಿ ಕೊಟ್ಟಿದ್ದರು. ಗಾಳಿಗೆ ತೂಗಾಡುವ ಮನೆಯ ಬಾಗಿಲಿಗೆ ಬಂದಿಳಿಯುವುದು ಜೇನಿಗೆ ಕಷ್ಟ.

ಐದು ತಿಂಗಳು ಕಾದು, ಕೊನೆಗೆ ಒಳಗಿದ್ದುದನ್ನೆಲ್ಲ ತೆಗೆದುಹಾಕಿದೆ. ಬಿದಿರು ಬುಟ್ಟಿ ಹೆಣೆಯುವವರಲ್ಲಿ ಸಣ್ಣ ಗಳಗಳನ್ನು ಕೇಳಿ ತಂದು, ಒಂದು ತುದಿಯಲ್ಲಿ ಗೆಣ್ಣು ಉಳಿಯುವಂತೆ ಕೊಯ್ದು, ಬಾಯಿಯನ್ನು ಉಪ್ಪುಕಾಗದದಿಂದ ಉಜ್ಜಿ, ನಾಲ್ಕರಿಂದ ಹತ್ತು ಮಿಲಿಮೀಟರ್ ಒಳಗಲದ ಕೊಳವೆಗಳನ್ನು ಬಿಗಿಯಾಗಿ ಜೋಡಿಸಿದೆ. ಬೆಳಗಿನ ಬಿಸಿಲು ಬೀಳುವ, ಮಳೆಯ ಎರಚಲು ತಾಗದ ಗೋಡೆಗೆ ಪೆಟ್ಟಿಗೆಯನ್ನು ಮೊಳೆ ಹೊಡೆದು ನಿಲ್ಲಿಸಿದೆ. ತಂಪುದೇಶಗಳ ಸಲಹೆಯಂತೆ ದಿನವಿಡೀ ಬಿಸಿಲಿಗೆ ಒಡ್ಡಿದರೆ ನಮ್ಮ ಏಪ್ರಿಲ್‌ನಲ್ಲಿ ಮರಿಗಳು ಬೆಂದುಹೋದಾವು.

ಮೂರನೆಯ ವಾರದಲ್ಲಿ ಎಲೆಕತ್ತರಿ ಜೇನು ಬಂತು. ಗುಲಾಬಿ ಎಲೆಯ ಅಂಚಿನಲ್ಲಿ ಕೂತು, ದವಡೆಯನ್ನೇ ಕತ್ತರಿ ಮಾಡಿಕೊಂಡು, ಕೈವಾರ ಇಟ್ಟು ಗೆರೆ ಎಳೆದ ಹಾಗೆ ದುಂಡಗೆ ಒಂದು ಚೂರನ್ನು ಕೊಯ್ಯಿತು. ಚೂರು ಬಿಡುವ ಕ್ಷಣಕ್ಕೆ ಸರಿಯಾಗಿ ರೆಕ್ಕೆ ಬಿಚ್ಚಿ, ಅದನ್ನು ಹೊಟ್ಟೆಯ ಅಡಿಗೆ ಸುರುಳಿಯಂತೆ ಹಿಡಿದು ಕೊಳವೆಗೆ ಹೊಕ್ಕಿತು. ಮತ್ತೆ ಬರುವಾಗ ಅದರ ಹೊಟ್ಟೆಯ ಕೆಳಗಿನ ರೋಮಗಳೆಲ್ಲ ಹಳದಿ. ಪರಾಗವನ್ನು ಅದು ಹೊರುವುದು ಕಾಲಿನಲ್ಲಲ್ಲ, ಹೊಟ್ಟೆಯಡಿಯಲ್ಲಿ. ಮಾರ್ಚ್ ಕೊನೆಗೆ ಒಂಬತ್ತು ಕೊಳವೆಗಳ ಬಾಯಿ ಎಲೆಯ ಬಿಲ್ಲೆಗಳಿಂದ ಮುಚ್ಚಿದ್ದವು. ಗುಲಾಬಿ ಎಲೆಯಲ್ಲಿ ಅರ್ಧಚಂದ್ರದ ಕಚ್ಚು ಕಂಡ ಕೂಡಲೇ ಔಷಧಿ ಸಿಂಪಡಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಗಿಡಕ್ಕೆ ಅದರಿಂದ ಯಾವ ಕೇಡೂ ಇಲ್ಲ. ಎರಡು ಕೊಳವೆಗಳಿಗೆ ಕುಂಬಾರ ಕಣಜಗಳು ಕೆಸರು ಮೆತ್ತಿದವು. ಅವನ್ನೂ ಓಡಿಸಲಿಲ್ಲ, ಏಕೆಂದರೆ ಅವು ತಮ್ಮ ಮರಿಗಳಿಗೆಂದು ಹಿಡಿದು ತರುವುದು ಗಿಡ ತಿನ್ನುವ ಕಂಬಳಿಹುಳುಗಳನ್ನೇ.

ಹಾಗಾಗಿ ಈಗಿರುವ ರೂಪದಲ್ಲಿ ಈ ಪೆಟ್ಟಿಗೆಗೆ ಐದರಲ್ಲಿ ಎರಡಕ್ಕಿಂತ ಹೆಚ್ಚು ಅಂಕ ಕೊಡಲಾರೆ, ಆ ಎರಡೂ ಗಟ್ಟಿಯಾದ ಮಾಡು ಮತ್ತು ಚೌಕಟ್ಟಿಗೆ ಸಲ್ಲಬೇಕು. ಈಗಾಗಲೇ ಕೊಂಡವರು ಒಳಗಿನದನ್ನು ಬದಲಿಸಿ ಬಳಸಬಹುದು. ಮರಿಗಳು ಹೊರಬಿದ್ದ ಕೊಳವೆಗಳನ್ನು ವರ್ಷಕ್ಕೊಮ್ಮೆ ತೆಗೆದು ಹೊಸದನ್ನು ಇಡದಿದ್ದರೆ ಪರಾವಲಂಬಿ ಹುಳುಗಳು ನೆಲೆಯೂರುತ್ತವೆ. ಇನ್ನೂ ಕೊಳ್ಳದವರಿಗೆ ಗೆಣ್ಣಿರುವ ಬಿದಿರಿನ ಒಂದು ಕಟ್ಟು, ಅದನ್ನಿಡಲು ಒಂದು ಹಳೆಯ ಡಬ್ಬ ಸಾಕು. ಉಳಿದ ಹಣದಲ್ಲಿ ತುಳಸಿ, ಕಾಮಕಸ್ತೂರಿ, ತೊಗರಿಯನ್ನು ನೆಟ್ಟು ಹೂ ಬಿಡಲು ಬಿಡಿ. ನಮ್ಮ ಮನೆಯಲ್ಲಿ ಡಬ್ಬದ ಚಿತ್ರದ ನೀಲಿಪಟ್ಟೆ ಜೇನು ದಿನವೂ ಬರುವುದು ಆ ತುಳಸಿಗೇ. ಸಂಜೆಯಾದರೆ ಅದರ ಗಂಡುಗಳು ಒಣಗಿದ ಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಸಾಲಾಗಿ ಅಲ್ಲಿಯೇ ಮಲಗುತ್ತವೆ.