ಎಲ್ಲಾ ರೇಡಿಯೇಟರ್‌ಗೂ ಥರ್ಮೋಸ್ಟ್ಯಾಟಿಕ್ ವಾಲ್ವ್ ಹಾಕಿಸುವ ಮೊದಲು ಇದನ್ನು ಓದಿ

ಬಾಯ್ಲರ್ ಕಾಯಿಸಿದ ನೀರು ರೇಡಿಯೇಟರ್‌ಗಳಲ್ಲಿ ಹರಿದು ರೂಮುಗಳನ್ನು ಬಿಸಿ ಮಾಡುವ ಮನೆಯಲ್ಲಿ ಇದ್ದೀರಾ? ಯಾರಾದರೂ ಬಂದು "ಪ್ರತಿ ರೇಡಿಯೇಟರ್‌ಗೂ ಒಂದೊಂದು ಥರ್ಮೋಸ್ಟ್ಯಾಟಿಕ್ ವಾಲ್ವ್ ಹಾಕಿಬಿಡೋಣ, ಬಿಲ್ ತಾನಾಗೇ ಇಳಿಯುತ್ತೆ" ಅಂದರೆ ಸ್ವಲ್ಪ ತಡೆಯಿರಿ. ನಮ್ಮ ಮನೆಗೆ ಬಂದ ಪ್ಲಂಬರ್ ಹಾಗೆ ಹೇಳಿಯೇ ಹಾಕಿ ಹೋದ. ಬಿಲ್ ಇಳಿಯಲಿಲ್ಲ, ಏರಿತು. ಹಾಲ್‌ನಲ್ಲಿ ಚಳಿ, ಬಾಯ್ಲರ್ ಮಾತ್ರ ಬಿಡುವಿಲ್ಲದೆ ಉರಿಯುತ್ತಿತ್ತು. ಅದು ಸಾಲದು ಅಂತ, ಪೇಂಟ್ ಮಾಡಿಸುವಾಗ ಒಂದು ರೂಮಿನ ನೆಲದ ತುಂಬಾ ಕಪ್ಪು ನೀರು.

ವಾಲ್ವ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಸರಿಯಾದ ಕಡೆ ಹಾಕಿದರೆ ಅದರಷ್ಟು ಉಪಯೋಗದ ವಸ್ತು ಇನ್ನೊಂದಿಲ್ಲ. ಆದರೆ ಎಲ್ಲಿ ಹಾಕಬಾರದು ಅಂತ ಗೊತ್ತಿಲ್ಲದವರು ಹಾಕಿದರೆ ದುಡ್ಡೂ ಹೋಗುತ್ತೆ, ಬಿಸಿಯೂ ಹೋಗುತ್ತೆ.

ಇದು ಕೆಲಸ ಮಾಡುವ ರೀತಿ ತೀರಾ ಸರಳ. ತಿರುಗಿಸುವ ಪ್ಲಾಸ್ಟಿಕ್ ತಲೆಯೊಳಗೆ ಮೇಣವನ್ನೋ ದ್ರವವನ್ನೋ ತುಂಬಿದ ಸಣ್ಣ ಡಬ್ಬಿ ಇರುತ್ತದೆ. ರೂಮಿನ ಗಾಳಿ ಬಿಸಿಯಾದರೆ ಅದು ಹಿಗ್ಗಿ, ಕೆಳಗಿನ ಪಿನ್ ಒತ್ತುತ್ತದೆ. ನೀರಿನ ದಾರಿ ಕಿರಿದಾಗುತ್ತದೆ. ಗಾಳಿ ತಣ್ಣಗಾದರೆ ಅದು ಕುಗ್ಗುತ್ತದೆ, ಸ್ಪ್ರಿಂಗ್ ಪಿನ್ನನ್ನು ಹೊರಕ್ಕೆ ತಳ್ಳುತ್ತದೆ, ಬಿಸಿನೀರು ಮತ್ತೆ ಹರಿಯುತ್ತದೆ. ಕರೆಂಟ್ ಬೇಡ, ಬ್ಯಾಟರಿ ಬೇಡ. ಬಾಯ್ಲರ್ ಉರೀತಿದೆಯಾ, ಆರಿದೆಯಾ ಅನ್ನೋದೂ ಅದಕ್ಕೆ ಗೊತ್ತಿರುವುದಿಲ್ಲ. ಈ ಕೊನೆಯ ಮಾತು ನೆನಪಿರಲಿ. ನಮ್ಮ ಮನೆಯ ಅರ್ಧ ತೊಂದರೆ ಹುಟ್ಟಿದ್ದೇ ಅಲ್ಲಿಂದ.

ತಲೆಯ ಮೇಲಿನ 1ರಿಂದ 5ರವರೆಗಿನ ಅಂಕಿಗಳನ್ನು ಫ್ಯಾನಿನ ರೆಗ್ಯುಲೇಟರ್ ಅಂತ ಓದಬೇಡಿ. 5ಕ್ಕೆ ಇಟ್ಟರೆ ರೂಮ್ ಬೇಗ ಬಿಸಿಯಾಗಲ್ಲ. ಆ ಅಂಕಿಗಳು ವೇಗವಲ್ಲ, ಎಷ್ಟು ಬಿಸಿಯಾದ ಮೇಲೆ ನಿಲ್ಲಬೇಕು ಅನ್ನುವ ಗುರುತು. ಹೆಚ್ಚಿನ ತಯಾರಿಕೆಗಳಲ್ಲಿ 3 ಅಂದರೆ ಸುಮಾರು 20 ಡಿಗ್ರಿ ಸೆಲ್ಸಿಯಸ್, ಒಂದೊಂದು ಅಂಕಿಗೆ ಹೆಚ್ಚುಕಡಿಮೆ 4 ಡಿಗ್ರಿ ವ್ಯತ್ಯಾಸ. ಹಿಮದ ನಕ್ಷತ್ರದ ಗುರುತು ಅಂದರೆ ಸುಮಾರು 7 ಡಿಗ್ರಿ. ಪೈಪಿನಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಇರುವುದು ಅದು. ಪೂರ್ತಿ ಬಂದ್ ಅಂತ ಅರ್ಥ ಅಲ್ಲ. ಪೇಂಟಿಂಗ್ ಕತೆಯಲ್ಲಿ ಈ ನಕ್ಷತ್ರ ಮತ್ತೆ ಬರುತ್ತೆ.

ಮೊದಲು ಹಾಲ್ ವಿಷಯ.

ನಮ್ಮ ಮನೆಯಲ್ಲಿ ಬಾಯ್ಲರ್ ಹಚ್ಚುವುದು, ಆರಿಸುವುದು ಹಾಲ್‌ನ ಗೋಡೆ ಮೇಲಿರುವ ಥರ್ಮೋಸ್ಟ್ಯಾಟ್. ಅದನ್ನು 21 ಡಿಗ್ರಿಗೆ ಇಟ್ಟಿದ್ದೆವು. ಪ್ಲಂಬರ್ ಹಾಲ್‌ನ ರೇಡಿಯೇಟರ್‌ಗೂ ಹೊಸ ವಾಲ್ವ್ ಹಾಕಿದ, ಎಲ್ಲವನ್ನೂ 3ಕ್ಕೆ ತಿರುಗಿಸಿದ, ಇನ್ನು ಯಾವುದನ್ನೂ ಮುಟ್ಟಬೇಡಿ ಅಂದ. ಆಮೇಲೆ ಆಗಿದ್ದು ನೋಡಿ. ಹಾಲ್ 20 ಡಿಗ್ರಿಗೆ ಬರುವಷ್ಟರಲ್ಲಿ ರೇಡಿಯೇಟರ್‌ನ ವಾಲ್ವ್ "ಸಾಕು" ಅಂತ ಮುಚ್ಚಿಕೊಳ್ಳುತ್ತಿತ್ತು. ಗೋಡೆಯ ಥರ್ಮೋಸ್ಟ್ಯಾಟ್ "ಇನ್ನೂ 21 ಆಗಿಲ್ಲ" ಅಂತ ಬಾಯ್ಲರ್ ಓಡಿಸುತ್ತಲೇ ಇತ್ತು. ಎತ್ತು ಏರಿಗೆ, ಕೋಣ ನೀರಿಗೆ. ಹಾಲ್ 21 ಮುಟ್ಟುವುದೇ ಇಲ್ಲ, ಬಾಯ್ಲರ್‌ಗೆ ಆರು ಅಂತ ಹೇಳುವವರೂ ಇಲ್ಲ.

ಇಷ್ಟರಲ್ಲಿ ಮಲಗುವ ಕೋಣೆಗಳೂ ಬಿಸಿಯಾಗಿ ಅಲ್ಲಿಯ ವಾಲ್ವ್‌ಗಳೂ ಒಂದೊಂದಾಗಿ ಮುಚ್ಚಿಕೊಂಡವು. ಬಾಯ್ಲರ್ ಕಾಯಿಸಿದ ನೀರು ಹೋಗುವುದಕ್ಕೆ ಜಾಗವೇ ಉಳಿಯಲಿಲ್ಲ. ಬಿಸಿ ಮಿತಿ ಮುಟ್ಟಿ ಬಾಯ್ಲರ್ ತಾನೇ ಆರುತ್ತೆ, ಸ್ವಲ್ಪ ಹೊತ್ತಿಗೆ ಮತ್ತೆ ಹೊತ್ತಿಕೊಳ್ಳುತ್ತೆ. ರಾತ್ರಿಯಿಡೀ ಇದೇ ಆಟ. ಹೀಗೆ ಪದೇಪದೇ ಹೊತ್ತಿ ಆರುವುದರಿಂದ ಇಂಧನವೂ ಜಾಸ್ತಿ, ಯಂತ್ರಕ್ಕೂ ಸವೆತ ಜಾಸ್ತಿ.

ಫೋನ್ ಮಾಡಿದರೆ ಪ್ಲಂಬರ್ ಕೊಟ್ಟ ಸಲಹೆ ಏನು ಗೊತ್ತಾ? ಗೋಡೆಯ ಥರ್ಮೋಸ್ಟ್ಯಾಟನ್ನು ಇನ್ನೆರಡು ಡಿಗ್ರಿ ಏರಿಸಿ! ಅಂದರೆ ಮುಟ್ಟಲಾಗದ ಗುರಿಯನ್ನು ಇನ್ನೂ ದೂರ ಇಟ್ಟ ಹಾಗೆ. ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದ.

ಬೇರೆಯವರನ್ನು ಕರೆಸಿದೆವು. ಬಂದವರು ಮೊದಲು ಮಾಡಿದ ಕೆಲಸ ಹಾಲ್‌ನ ರೇಡಿಯೇಟರ್ ಮೇಲೆ ಕೈ ಇಟ್ಟಿದ್ದು. ತಣ್ಣಗಿತ್ತು. ಒಳಗೆ ಬರುವ ಪೈಪ್ ಮುಟ್ಟಿದರು, ಸುಡುತ್ತಿತ್ತು. ಏನೂ ಮಾತಾಡದೆ ವಾಲ್ವಿನ ಕೊರಳಲ್ಲಿದ್ದ ಗೀರುಗಳ ಬಳೆಯನ್ನು ಸಡಿಲಿಸಿ ತಲೆಯನ್ನು ಎತ್ತಿ ನನ್ನ ಕೈಗೆ ಕೊಟ್ಟರು. ತಲೆ ತೆಗೆದರೆ ಒಂದು ಹನಿ ನೀರೂ ಬರಲ್ಲ. ಪಿನ್ ಮೇಲಿನ ಒತ್ತಡ ಹೋಗಿ ವಾಲ್ವ್ ಪೂರ್ತಿ ತೆರೆದುಕೊಳ್ಳುತ್ತದೆ, ಅಷ್ಟೇ. ರೇಡಿಯೇಟರ್ ಒಳಗೆ ಸುಯ್ ಅಂತ ನೀರು ನುಗ್ಗುವ ಸದ್ದು ಕೇಳಿಸಿತು. ಅವರು ಟೀ ಮುಗಿಸುವ ಹೊತ್ತಿಗೆ ಅದರ ಮೇಲ್ಭಾಗದ ಮೇಲೆ ಕೈ ಇಡೋಕಾಗುತ್ತಿರಲಿಲ್ಲ.

ಅವರು ಹೇಳಿದ್ದು ಇಷ್ಟು. ಗೋಡೆಯ ಥರ್ಮೋಸ್ಟ್ಯಾಟ್ ಯಾವ ರೂಮಿನಲ್ಲಿದೆಯೋ ಆ ರೂಮಿನ ರೇಡಿಯೇಟರ್‌ಗೆ ಥರ್ಮೋಸ್ಟ್ಯಾಟಿಕ್ ವಾಲ್ವ್ ಬೇಡ. ಆಗಲೇ ಇದ್ದರೆ 5ಕ್ಕೆ ಇಟ್ಟು ಮರೆತುಬಿಡಿ, ಇಲ್ಲವೇ ತಲೆ ತೆಗೆದಿಡಿ. ಆ ರೂಮು ಉಳಿದವಕ್ಕಿಂತ ಬೇಗ ಬಿಸಿಯಾಗುತ್ತಿದ್ದರೆ ಆ ರೇಡಿಯೇಟರ್‌ನ ಇನ್ನೊಂದು ತುದಿಯ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ ನೀರು ಕಡಿಮೆ ಮಾಡಬೇಕು. ಮುಚ್ಚಳದ ಕೆಳಗೆ ಇರುವ ಅದಕ್ಕೆ ಲಾಕ್‌ಶೀಲ್ಡ್ ಅಂತಾರೆ. ಇಲ್ಲದಿದ್ದರೆ ಹಾಲ್ ಬೇಗ ಬಿಸಿಯಾಗಿ ಬಾಯ್ಲರ್ ಆರುತ್ತೆ, ಮಲಗುವ ಕೋಣೆಯವರು ನಡುಗುತ್ತಾ ವಾಲ್ವನ್ನು 5ಕ್ಕೆ ತಿರುಗಿಸುತ್ತಾ ಕೂರಬೇಕು. ಬಾಯ್ಲರ್ ಆರಿದ ಮೇಲೆ 5 ಆದರೇನು, 2 ಆದರೇನು? ಬಾಯ್ಲರ್ ಎಬ್ಬಿಸುವ ಶಕ್ತಿ ಮಾಮೂಲಿ ವಾಲ್ವಿಗೆ ಇಲ್ಲ. ಬ್ಯಾಟರಿ ಹಾಕುವ ಸ್ಮಾರ್ಟ್ ವಾಲ್ವ್ ಕೂಡ ಬಾಯ್ಲರ್ ನಿಯಂತ್ರಣಕ್ಕೆ ಜೋಡಿಸಿದ್ದರೆ ಮಾತ್ರ ಅದನ್ನು ಎಬ್ಬಿಸಬಲ್ಲದು. ಬರೀ ತಲೆ ತಂದು ಸಿಕ್ಕಿಸಿದರೆ ಅದೂ ಅಷ್ಟೇ.

ಇನ್ನು ಕಪ್ಪು ನೀರು. ಇದನ್ನು ದಯವಿಟ್ಟು ಮನೆಯವರಿಗೆಲ್ಲ ಹೇಳಿ.

ಒಂದು ರೂಮಿಗೆ ಬಣ್ಣ ಹೊಡೆಸಲು ರೇಡಿಯೇಟರ್ ಇಳಿಸಬೇಕಾಗಿತ್ತು. ಅದೇ ಪ್ಲಂಬರ್ ಕೆಲಸ ಮುಗಿಸಿ ಹೋಗುವಾಗ, ನಕ್ಷತ್ರಕ್ಕೆ ತಿರುಗಿಸಿದರೆ ನೀರು ಪೂರ್ತಿ ಬಂದ್ ಅಂತ ಹೇಳಿದ್ದ. ಪೇಂಟರ್ ಅದನ್ನೇ ನಂಬಿ ವಾಲ್ವನ್ನು ನಕ್ಷತ್ರಕ್ಕೆ ತಿರುಗಿಸಿ, ಇನ್ನೊಂದು ತುದಿಯನ್ನು ಸ್ಪ್ಯಾನರ್‌ನಿಂದ ಬಿಗಿ ಮಾಡಿ, ರೇಡಿಯೇಟರ್ ಇಳಿಸಿದರು. ಸಂಜೆಯವರೆಗೂ ಒಂದು ಹನಿ ಇಲ್ಲ. ಬಣ್ಣದ ವಾಸನೆ ಹೋಗಲಿ ಅಂತ ರಾತ್ರಿ ಕಿಟಕಿ ತೆರೆದಿಟ್ಟರು. ರೂಮು ತಣ್ಣಗಾಗುತ್ತಾ 7 ಡಿಗ್ರಿಗಿಂತ ಕೆಳಗೆ ಇಳಿಯಿತು. ವಾಲ್ವ್ ತನ್ನ ಕೆಲಸ ತಾನು ಮಾಡಿತು. ಪೈಪ್ ಹೆಪ್ಪುಗಟ್ಟದಿರಲಿ ಅಂತ ಬಾಯಿ ತೆರೆಯಿತು. ಆ ಬಾಯಿಗೆ ರೇಡಿಯೇಟರ್ರೇ ಇರಲಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದರೆ ಕಾರ್ಪೆಟ್ ಕಾಲಡಿ ಪಚ್ ಅಂತು. ಗೋಡೆಯ ಅಂಚಿಗೆಲ್ಲ ಕಪ್ಪು ಗೆರೆ. ಬಾಯ್ಲರ್‌ನ ಒತ್ತಡದ ಮುಳ್ಳು ಸೊನ್ನೆಯಲ್ಲಿ. ತಣ್ಣಗಿರುವಾಗ ಅದು 1ರಿಂದ 1.5 ಬಾರ್ ತೋರಿಸಬೇಕು. ನೀರು ಕಪ್ಪಗಿರುವುದು ಉಕ್ಕಿನ ರೇಡಿಯೇಟರ್ ಒಳಗೇ ಸವೆದು ಸೇರುವ ಮ್ಯಾಗ್ನೆಟೈಟ್ ಕೆಸರಿನಿಂದ. ಬಟ್ಟೆಗೆ, ಕಾರ್ಪೆಟ್ಟಿಗೆ ಹತ್ತಿದರೆ ಸುಲಭಕ್ಕೆ ಹೋಗಲ್ಲ.

ರೇಡಿಯೇಟರ್ ಇಳಿಸುವಾಗ ಥರ್ಮೋಸ್ಟ್ಯಾಟಿಕ್ ತಲೆ ತೆಗೆದು, ಪಿನ್ನನ್ನು ಒತ್ತಿ ಹಿಡಿಯುವ ಗಟ್ಟಿ ಕ್ಯಾಪ್ ಬಿಗಿಯಬೇಕು. ಎಷ್ಟೋ ವಾಲ್ವ್‌ಗಳ ಪೆಟ್ಟಿಗೆಯಲ್ಲೇ ಅದು ಬರುತ್ತೆ. ನಮ್ಮ ಪ್ಲಂಬರ್ ಅವನ್ನು ಕಸದ ಜೊತೆ ಎಸೆದು ಹೋಗಿದ್ದ! ಜೊತೆಗೆ ವಾಲ್ವಿನ ತೆರೆದ ಬಾಯಿಗೂ ಒಂದು ಬ್ಲಾಂಕಿಂಗ್ ಕ್ಯಾಪ್ ಹಾಕಬೇಕು. ಕೆಲಸ ಮುಗಿದ ಮೇಲೆ ಕ್ಯಾಪ್‌ಗಳನ್ನು ಕೊಟ್ಟು ಹೋಗಿ ಅಂತ ಕೇಳಿ ತೆಗೆದಿಟ್ಟುಕೊಳ್ಳಿ.

ಉಳಿದ ಎಡವಟ್ಟುಗಳನ್ನು ಬೇಗ ಹೇಳಿ ಮುಗಿಸ್ತೀನಿ. ಒಂದು ರೂಮಿನಲ್ಲಿ ವಾಲ್ವ್ ಉದ್ದ ಪರದೆಯ ಹಿಂದೆ ಇತ್ತು. ಪರದೆ ಎಳೆದರೆ ರೇಡಿಯೇಟರ್‌ನ ಬಿಸಿಯೆಲ್ಲ ಅಲ್ಲೇ ನಿಂತು, ರೂಮು ಬಿಸಿಯಾಯಿತು ಅಂದುಕೊಂಡು ವಾಲ್ವ್ ಮುಚ್ಚಿಕೊಳ್ಳುತ್ತಿತ್ತು. ಸೋಫಾ ಹಿಂದೆ, ಮರದ ಮುಚ್ಚಿಗೆಯೊಳಗೆ ಇದ್ದರೂ ಇದೇ ಗತಿ. ಅಂಥ ಕಡೆಗೆ ಸೆನ್ಸರ್ ಬೇರೆಯಾಗಿ, ಸಣ್ಣ ತಂತಿಯಂಥ ಕೊಳವೆಯ ತುದಿಯಲ್ಲಿ ಬರುವ ತಲೆ ಸಿಗುತ್ತೆ. ಇನ್ನೊಂದು ಕಡೆ ತಲೆಯನ್ನು ಬಿಸಿ ಪೈಪಿನ ನೇರ ಮೇಲೆ ನಿಲ್ಲಿಸಿದ್ದ. ಪೈಪಿನ ಬಿಸಿ ಏರಿ ಅದಕ್ಕೇ ತಾಗುತ್ತೆ. ತಲೆ ಆದಷ್ಟೂ ಅಡ್ಡ ಮಲಗಿ, ರೂಮಿನ ಕಡೆ ಚಾಚಿಕೊಂಡಿದ್ದರೆ ಒಳ್ಳೆಯದು. ಮತ್ತೊಂದು ವಾಲ್ವ್ ರಾತ್ರಿ ಟಕಟಕ ಬಡಿಯುತ್ತಿತ್ತು. ಒಂದೇ ದಿಕ್ಕಿನಲ್ಲಿ ನೀರು ಹರಿಯಬೇಕಾದ ವಾಲ್ವನ್ನು ಉಲ್ಟಾ ಹಾಕಿದ್ದರು. ಮೈಮೇಲೆ ಬಾಣದ ಗುರುತು ಇತ್ತು, ನೋಡುವ ವ್ಯವಧಾನ ಇರಲಿಲ್ಲ ಅಷ್ಟೇ. ಎರಡೂ ದಿಕ್ಕಿಗೆ ನಡೆಯುವಂಥವೂ ಸಿಗುತ್ತವೆ, ಅವನ್ನೇ ಕೇಳಿ.

ಬೈಪಾಸ್ ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಹೇಳಬೇಕು. ಎಲ್ಲ ವಾಲ್ವ್‌ಗಳೂ ಒಟ್ಟಿಗೆ ಮುಚ್ಚಿಕೊಂಡರೆ ಪಂಪ್ ತಳ್ಳುವ ನೀರು ಎಲ್ಲಿಗೆ ಹೋಗಬೇಕು? ಅದಕ್ಕೇ ಒಂದು ರೇಡಿಯೇಟರನ್ನಾದರೂ ಸದಾ ತೆರೆದಿಡಬೇಕು ಅಥವಾ ಒತ್ತಡ ಏರಿದಾಗ ತಾನೇ ತೆರೆದು ನೀರನ್ನು ನೇರ ಬಾಯ್ಲರ್‌ಗೆ ವಾಪಸ್ ಕಳಿಸುವ ಬೈಪಾಸ್ ವಾಲ್ವ್ ಇರಬೇಕು. ಕೆಲವು ಬಾಯ್ಲರ್‌ಗಳ ಒಳಗೇ ಅದು ಇರುತ್ತೆ. ಇದೆಯಾ ಅಂತ ನೋಡದೆ ಕೆಲಸ ಶುರು ಮಾಡುವವರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿ. ರೇಡಿಯೇಟರ್‌ಗಳನ್ನೆಲ್ಲ ಒಂದೇ ಪೈಪಿನಲ್ಲಿ ಸಾಲಾಗಿ ಜೋಡಿಸಿರುವ ಹಳೆಯ ಮನೆಗಳಿಗೂ ಮಾಮೂಲಿ ವಾಲ್ವ್ ಸರಿಹೋಗಲ್ಲ. ನೀರಿಗೆ ತೀರಾ ಕಡಿಮೆ ತಡೆ ಒಡ್ಡುವ ಬೇರೆ ಜಾತಿಯದು ಬೇಕು.

ಸರಿಪಡಿಸಿದ ಮೇಲೆ ಈಗ ಹಾಲ್ ತೆರೆದಿದೆ, ಮಲಗುವ ಕೋಣೆಗಳು 2 ಮತ್ತು 3ರ ನಡುವೆ, ಯಾರೂ ಇರದ ರೂಮು 2ರಲ್ಲಿ. ಅದನ್ನೂ ನಕ್ಷತ್ರಕ್ಕೆ ಇಳಿಸಿ ಉಳಿಸೋಣ ಅನಿಸುತ್ತೆ. ಬೇಡ. ಪಕ್ಕದ ರೂಮಿನ ಬೆಚ್ಚಗಿನ, ತೇವದ ಗಾಳಿ ಅಲ್ಲಿಗೆ ನುಗ್ಗಿ ತಣ್ಣನೆ ಗೋಡೆಯ ಮೇಲೆ ನೀರಾಗಿ ಕೂರುತ್ತೆ, ಮೂಲೆಯಲ್ಲಿ ಬೂಷ್ಟು ಹಿಡಿಯುತ್ತೆ. ಕಿಟಕಿ ತೆರೆದು ಗಾಳಿ ಆಡಿಸುವ ಹತ್ತು ನಿಮಿಷ ಮಾತ್ರ ವಾಲ್ವನ್ನು ನಕ್ಷತ್ರಕ್ಕೆ ಇಳಿಸಿ. ಇಲ್ಲದಿದ್ದರೆ ತಣ್ಣನೆ ಗಾಳಿ ತಲೆಗೆ ಬಡಿದು ಅದು ಪೂರ್ತಿ ತೆರೆದುಕೊಳ್ಳುತ್ತೆ, ನೀವು ಬೀದಿಯನ್ನು ಬಿಸಿ ಮಾಡ್ತಿರ್ತೀರಿ.

ಎರಡನೆಯವರು ಬಾಯ್ಲರ್‌ನಿಂದ ಹೊರಡುವ ನೀರಿನ ಬಿಸಿಯನ್ನೂ 75ರಿಂದ 60ಕ್ಕೆ ಇಳಿಸಿದರು. ಕಂಡೆನ್ಸಿಂಗ್ ಬಾಯ್ಲರ್ ಆಗಿದ್ದರೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿದ್ದಾಗಲೇ ಹೊಗೆಯ ಬಿಸಿಯನ್ನು ಚೆನ್ನಾಗಿ ಹಿಂದಕ್ಕೆ ಪಡೆಯುತ್ತದೆ. ಉಳಿತಾಯದಲ್ಲಿ ವಾಲ್ವಿನಷ್ಟೇ ಪಾಲು ಇದಕ್ಕೂ ಇದೆ ಅಂತ ನನಗನಿಸುತ್ತೆ. ಮನೆಯಲ್ಲಿ ಬಿಸಿನೀರಿನ ಟ್ಯಾಂಕ್ ಇದ್ದರೆ ಮಾತ್ರ ಹುಷಾರು. ಅದರೊಳಗಿನ ನೀರು 60 ಡಿಗ್ರಿ ಮುಟ್ಟದಿದ್ದರೆ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯಬಹುದು. ಹಾಗಾಗಿ ಟ್ಯಾಂಕ್ ಇರುವವರು ತಿಳಿದವರನ್ನು ಕೇಳದೆ ಇಳಿಸಬೇಡಿ.

ಚಳಿಗಾಲ ಮುಗಿದ ಮೇಲೆ ವಾಲ್ವ್‌ಗಳನ್ನೆಲ್ಲ 5ಕ್ಕೆ ತಿರುಗಿಸಿ ಬಿಡಿ. ತಿಂಗಳುಗಟ್ಟಲೆ ಮುಚ್ಚೇ ಇದ್ದರೆ ಪಿನ್ ಒಳಗೆ ಅಂಟಿಕೊಳ್ಳುತ್ತೆ, ಮುಂದಿನ ಚಳಿಗೆ ಆ ಒಂದು ರೇಡಿಯೇಟರ್ ಮಾತ್ರ ತಣ್ಣಗೆ ಕೂರುತ್ತೆ. ಹಾಗಾದರೆ ತಲೆ ತೆಗೆದು, ಚಪ್ಪಟೆ ಲೋಹದ ತುಂಡಿನಿಂದ ಪಿನ್ನನ್ನು ಮೆಲ್ಲಗೆ ಒಳಗೆ ಒತ್ತಿ ಬಿಡಿ. ಒಂದೆರಡು ಮಿಲಿಮೀಟರ್ ಒಳಗೆ ಹೋಗಿ, ಬಿಟ್ಟ ತಕ್ಷಣ ಚಿಮ್ಮಿ ಹೊರಗೆ ಬಂದರೆ ಸರಿಯಾಯಿತು. ಬರದಿದ್ದರೆ ಸುತ್ತಿಗೆಯ ಹಿಡಿಯಿಂದ ವಾಲ್ವಿನ ಪಕ್ಕಕ್ಕೆ ಹಗುರಾಗಿ ತಟ್ಟಿ ಮತ್ತೆ ಒತ್ತಿ. ಇಕ್ಕಳ ಹಾಕಿ ಎಳೆಯಲು ಮಾತ್ರ ಹೋಗಬೇಡಿ. ಪಿನ್ ಕಿತ್ತು ಬಂದರೆ ಹಿಂದೆಯೇ ಬಿಸಿನೀರು ಬರುತ್ತೆ.